ಕಲ್ಲುಹಾಸಿನ ಮೇಲೆ ಗಾಲಿ

ಎಪ್ಪತ್ತು ದಿನಗಳ ಕಾಲ ಬೆನ್ನಿಗೆ ಚೀಲವನ್ನೇರಿಸಿಕೊಂಡು, ಬುಡಾಪೆಸ್ಟಿನಿಂದ ಹೊರಟು ಊರಿಂದೂರಿಗೆ ಪಶ್ಚಿಮಾಭಿಮುಖವಾಗಿ ನಡೆಯುತ್ತ, ರೈಲನ್ನೇರುತ್ತ, ಇನ್ನು ಮುಂದೆ ನೆಲವೇ ಇಲ್ಲ, ಸಾಗರವೊಂದೇ ಎನ್ನುವ ಲಿಸ್ಬನ್ ನಗರವನ್ನು ತಲುಪಿ, ಆಲ್ಫಾಮಾ ಎಂಬ ಅದರ ಹಳೆಯ ಕೇರಿಯ ಒಂದು ಕೋಣೆಯಲ್ಲಿ ಕಿಟಕಿ ತೆರೆದಿಟ್ಟು ಸುಖವಾಗಿ ಮಲಗಿದ್ದ ನನ್ನನ್ನು ಬೆಳಗಿನ ಐದು ಗಂಟೆಗೆ ಎಬ್ಬಿಸಿದುದು ಗಾಲಿಯ ಸದ್ದು. ಯಾರೋ ಪ್ರವಾಸಿಗಳು ವಿಮಾನದ ವೇಳೆಗೆ ತಮ್ಮ ಸೂಟ್‌ಕೇಸುಗಳನ್ನು ಓಣಿಯ ಕಲ್ಲುಹಾಸಿನ ಮೇಲೆ ಎಳೆದುಕೊಂಡು ಹೋಗುತ್ತಿದ್ದರು. ಸಮತಟ್ಟಾದೆಡೆಯಲ್ಲಿ ಗಡಗಡ, ಮೆಟ್ಟಿಲು ಬಂದಲ್ಲಿ ಧಡ್, ಧಡ್, ಧಡ್. ನಲವತ್ತಕ್ಕೂ ಮಿಕ್ಕ ಮೆಟ್ಟಿಲುಗಳನ್ನು ನಾನು ಹಾಸಿಗೆಯಲ್ಲಿಯೇ ಎಣಿಸಿದೆನು. ಎದುರುಮನೆಯಲ್ಲಿ ಕೂಸೊಂದು ಎಚ್ಚೆತ್ತು ಅಳತೊಡಗಿತು. ಅದರ ಮೇಲಿನ ಕಿಟಕಿ ತೆರೆದು ಮುದುಕಿಯೊಬ್ಬಳು ಹೊರಗೆ ನೋಡಿ, ಏನನ್ನೂ ಅನ್ನದೆ ಕದವನ್ನು ಮುಚ್ಚಿಕೊಂಡಳು. ಅನ್ನಬೇಕಾದುದನ್ನೆಲ್ಲ ಎಂದೋ ಅಂದು ದಣಿದವರು ಮುಚ್ಚುವ ರೀತಿ ಅದು.

ಚೀಲ ಹೊರುವ ವಿದ್ಯೆಯಲ್ಲಿ ನನಗೆ ಅಭಿಮಾನವುಂಟು. ಭಾರವಾದ ವಸ್ತುಗಳು ಬೆನ್ನುಮೂಳೆಗೆ ಒತ್ತಿಕೊಂಡಿರಬೇಕು, ಹೊರೆಯ ದೊಡ್ಡ ಪಾಲನ್ನು ಹೆಗಲಲ್ಲ, ಸೊಂಟದ ಪಟ್ಟಿ ತಾಳಬೇಕು ಎಂಬುದೆಲ್ಲ ಈ ಮಾರ್ಗದವರಿಗೆ ತಿಳಿದುದೇ. ಆದರೆ ಎಷ್ಟು ಹೊರಬೇಕೆಂಬ ವಿಷಯದಲ್ಲಿ ನನ್ನ ಕ್ರಮವೇ ಬೇರೆ. ಪ್ರಯಾಣಕ್ಕೆ ಒಂದು ತಿಂಗಳಿರುವಾಗ, ಬೇಕೆನಿಸಿದುದನ್ನೆಲ್ಲ ತುಂಬಿದ ಚೀಲವನ್ನು ಹೊತ್ತು ಮೈಸೂರಿನ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳನ್ನು ಬುಡದಿಂದ ಹತ್ತುತ್ತೇನೆ. ದೊಡ್ಡ ದೇವರಾಜ ಒಡೆಯರ ಕಾಲದ ಆ ಏಕಶಿಲೆಯ ನಂದಿಯ ಬಳಿಗೆ ಬರುವಷ್ಟರಲ್ಲಿ ದೇಹವು ಯಾವ ವಕೀಲನ ಮಾತಿಗೂ ಬಗ್ಗದ ನ್ಯಾಯಾಧೀಶನಾಗಿರುತ್ತದೆ. ಅಲ್ಲಿಯೇ ಕಟ್ಟೆಯ ಮೇಲೆ ಕುಳಿತು, ಚೀಲವನ್ನು ಬಿಚ್ಚಿ, ಒಂದೊಂದೇ ವಸ್ತುವನ್ನು ಕೈಯಲ್ಲಿ ಹಿಡಿದು, ಇದಕ್ಕಾಗಿ ಉಳಿದ ಮುನ್ನೂರು ಮೆಟ್ಟಿಲುಗಳನ್ನು ಹತ್ತುವೆಯಾ ಎಂದು ನನ್ನನ್ನೇ ಕೇಳಿಕೊಳ್ಳುತ್ತೇನೆ. ಹತ್ತಲಾರೆ ಎನಿಸಿದುದು ಬೇರೊಂದು ಕೈಚೀಲಕ್ಕೆ ಹೋಗುತ್ತದೆ. ಮೂರು ಭಾನುವಾರ ಹೀಗೆ ಹತ್ತಿದ ಮೇಲೆ ಹದಿಮೂರು ಕಿಲೋ ಇದ್ದುದು ಎಂಟಕ್ಕಿಳಿಯಿತು. ಎರಡನೆಯ ಜೊತೆ ಬೂಟು, ದಪ್ಪ ಪುಸ್ತಕಗಳು, ಮಳೆ ಹೆಚ್ಚಾದರೆ, ಚಳಿ ಹೆಚ್ಚಾದರೆ, ಯಾರಾದರೂ ಊಟಕ್ಕೆ ಕರೆದರೆ ಎಂದು ಇಟ್ಟುಕೊಂಡಿದ್ದ ಬಟ್ಟೆಗಳು, ಎಲ್ಲವೂ ಮನೆಯಲ್ಲುಳಿದವು. ‘ಒಂದು ವೇಳೆ’ ಎಂಬ ಎರಡು ಪದಗಳ ತೂಕ ಐದು ಕಿಲೋ ಎಂಬುದು ನನಗೆ ಗೊತ್ತಾದುದು ನಂದಿಯ ಸನ್ನಿಧಿಯಲ್ಲಿ.

ಮನೆಯ ತಕ್ಕಡಿಯಲ್ಲಿ ತೂಗಿದರೆ ಸಾಲದೇ ಎಂದು ಸಹಮಾರ್ಗಿಗಳನೇಕರು ನನ್ನೊಡನೆ ವಾದಿಸಿದ್ದಾರೆ. ಸಾಲದು. ತಕ್ಕಡಿಗೆ ತೂಕ ಗೊತ್ತೇ ಹೊರತು ಮೆಟ್ಟಿಲು ಗೊತ್ತಿಲ್ಲ. ಇಪ್ಪತ್ತು ಕಿಲೋ ಹೊತ್ತು ಬೆನ್ನು ನೋಯಿಸಿಕೊಂಡು, ‘ಬೆನ್ನುಚೀಲದ ಸಹವಾಸವೇ ಬೇಡ’ ಎಂದು ಗಾಲಿಗೆ ಶರಣಾಗುವವರೆಲ್ಲ ಆ ತಕ್ಕಡಿಯನ್ನು ನಂಬಿ ಕೆಟ್ಟವರೇ.

ಲಿಸ್ಬನ್ನಿಗೆ ನಾನು ಬಂದುದು ಸ್ಪೇನಿನ ಬಾದಾಹೋಸಿನಿಂದ, ಗಡಿ ದಾಟುವ ಸಣ್ಣ ರೈಲುಗಾಡಿಯಲ್ಲಿ. ಪೋರ್ಚುಗಲ್ಲಿನ ಗಡಿಯಾರ ಸ್ಪೇನಿನದಕ್ಕಿಂತ ಒಂದು ಗಂಟೆ ಹಿಂದೆ. ಎಪ್ಪತ್ತು ದಿನಗಳಲ್ಲಿ ಎಷ್ಟೋ ರೈಲುಗಳನ್ನು ತಪ್ಪಿಸಿಕೊಂಡು ಕಳೆದ ಕಾಲದಲ್ಲಿ ಒಂದು ಗಂಟೆ ಗಡಿಯಲ್ಲಿ ಮರಳಿ ದೊರೆತುದು ನನಗೆ ಮಹತ್ತಾದ ಸಂತೋಷವನ್ನು ಕೊಟ್ಟಿತು. ಎಂತ್ರೊಂಕಾಮೆಂತುವಿನಲ್ಲಿ ಗಾಡಿ ಬದಲಾಯಿಸಿ, ಸಂಜೆಗೆ ತೇಜು ನದಿಯ ದಡದ ಸಾಂತಾ ಅಪೊಲೋನಿಯಾ ನಿಲ್ದಾಣದಲ್ಲಿ ಇಳಿದು ತಲೆಯೆತ್ತಿದರೆ ಆಲ್ಫಾಮಾ ಎದುರಿಗೇ ಗುಡ್ಡಕ್ಕಂಟಿಕೊಂಡು ನಿಂತಿತ್ತು. 1755ರ ನವೆಂಬರ್ 1ರಂದು ಭೂಕಂಪವೂ ಸಮುದ್ರವೂ ಬೆಂಕಿಯೂ ಸೇರಿ ಈ ನಗರವನ್ನು ನೆಲಸಮ ಮಾಡಿದಾಗ ಬಹುಮಟ್ಟಿಗೆ ಉಳಿದುಕೊಂಡ ಕೇರಿ ಇದು. ಕೆಳಗಿನ ಬಾಯ್ಷಾ ಕೇರಿಯನ್ನು ಅಂದಿನ ಮಂತ್ರಿ ಪೊಂಬಾಲನು ದಾರ ಹಿಡಿದು ಎಳೆದಂತೆ ನೇರವಾದ ಬೀದಿಗಳಲ್ಲಿ ಮರಳಿ ಕಟ್ಟಿಸಿದನು. ಆಲ್ಫಾಮಾಕ್ಕೆ ಮಾತ್ರ ಅರಬರ ಕಾಲದ ಹೆಸರೂ ಅದೇ ಅಂಕುಡೊಂಕಿನ ಓಣಿಗಳೂ ಉಳಿದವು.

ನನಗೆ ಕೋಣೆ ಕೊಟ್ಟ ಮನೆಯೊಡತಿ ಎಪ್ಪತ್ತು ದಾಟಿದಾಕೆ. ನನ್ನ ಅಂಗೈಯಲ್ಲಿ ಬೀಗದ ಕೈಯನ್ನಿಟ್ಟು ‘ಶಾವ್’ ಎಂದಳು. ಹುಬ್ಬಳ್ಳಿಯಲ್ಲಿ ಬಾಲ್ಯವನ್ನು ಕಳೆದ ನನಗೆ ಅದು ಚಾವಿಯೆಂದು ಹೊಳೆಯಲು ಒಂದು ಕ್ಷಣ ಸಾಕಾಯಿತು. ನಮ್ಮ ಚಾವಿ ಆ ನಾಡಿನ ಮಾತೆಂದು ಪುಸ್ತಕದಲ್ಲಿ ಓದಿದ್ದೆನಾದರೂ ಕೈಗೆ ಬಂದು ಬೀಳುವುದೇ ಬೇರೆ. ಅಂದಿನಿಂದ ಆ ಎರಡು ದಿನ ನಾನು ಬೇರೇನನ್ನು ನೋಡಿದೆನೋ ಬಿಟ್ಟೆನೋ, ಮಾತುಗಳನ್ನಂತೂ ಬೇಟೆಯಾಡಿದೆನು. ತರಕಾರಿ ಅಂಗಡಿಯಲ್ಲಿ ಬಟಾಟೆ ‘ಬತಾತಾ’, ಇಗರ್ಜಿಯಲ್ಲಿ ಪಾದ್ರಿ ‘ಪಾದ್ರೆ’, ಮನೆಯಲ್ಲಿ ನೆಲ ಒರೆಸುವ ಬಾಲ್ದಿ ‘ಬಾಲ್ದೆ’, ಮೇಸ್ತ್ರಿ ‘ಮೆಸ್ತ್ರೆ’. ಸ್ಪೇನಿನಲ್ಲಿ ಫ್ರಾನ್ಸಿನಲ್ಲಿ ‘ತೇ’ ಎಂದು ಕೇಳಿ ಕೇಳಿ ಕುಡಿದ ಪಾನೀಯಕ್ಕೆ ಇಲ್ಲಿ ‘ಶಾ’ ಎನ್ನುತ್ತಾರೆ. ನಮ್ಮ ಚಹಾದ ನೆಂಟ. 1510ರಲ್ಲಿ ಗೋವೆಯನ್ನು ಹಿಡಿದು ನಾನೂರೈವತ್ತು ವರ್ಷ ಕೂತವರು ನಮ್ಮ ಕರಾವಳಿಗೆ ಮಾಡಿದುದನ್ನು ಮರೆಯಲಾಗದು. ಆದರೂ ಅವರ ಮಾತುಗಳು ನಮ್ಮ ಅಡುಗೆಮನೆಯಲ್ಲಿ ಮನೆಮಕ್ಕಳಂತೆ ಓಡಾಡುತ್ತಿವೆ. ಇದನ್ನು ಮುರುಕು ಮಾತಿನಲ್ಲಿ, ಕೈಸನ್ನೆಯಲ್ಲಿ ತಿಳಿಸಿದಾಗ ಮನೆಯೊಡತಿ ಅಡುಗೆಮನೆಯ ಒಂದೊಂದೇ ಸಾಮಾನನ್ನೆತ್ತಿ ಹಿಡಿದು ನನ್ನನ್ನು ಪರೀಕ್ಷಿಸಿದಳು. ‘ಅರ್ಮಾರಿಯು’ ಎಂದು ಗೋಡೆಯತ್ತ ತೋರಿಸಿದಾಗ ‘ಅಲಮಾರು’ ಎಂದೆನು. ಆಕೆ ಚಪ್ಪಾಳೆ ತಟ್ಟಿದಳು.

ಮೊದಲ ಬೆಳಿಗ್ಗೆ ಗಾಲಿಗಳು ನಿದ್ದೆ ಕೆಡಿಸಿದ ಮೇಲೆ ನಾನು ನೋಡಹೋದುದು ಆ ಗಾಲಿಗಳು ಉರುಳಿದ ಕಲ್ಲುಗಳನ್ನು. ಲಿಸ್ಬನ್ನಿನ ಕಾಲುದಾರಿಗಳೆಲ್ಲ ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಕಲ್ಲುಗಳ ಹಾಸು. ಬಿಳಿಯವು ಸುಣ್ಣಕಲ್ಲು, ಕರಿಯವುಗಳಿಂದ ಚಿತ್ತಾರ. 1842ರಲ್ಲಿ ಸಾವ್ ಜೋರ್ಜ್ ಕೋಟೆಯ ಸೈನ್ಯಾಧಿಕಾರಿಯೊಬ್ಬನು ಕೈದಿಗಳಿಂದ ಅಂಗಳಕ್ಕೆ ಇಂಥ ಕಲ್ಲನ್ನು ಹಾಸಿಸಿದುದರಿಂದ ಈ ನಗರದಲ್ಲಿ ಇದರ ಕಥೆ ಆರಂಭವಾಗುತ್ತದೆ. ಕೆಲವೇ ವರ್ಷಗಳಲ್ಲಿ ರೊಸ್ಸಿಯು ಚೌಕದ ನೆಲವೆಲ್ಲ ಕಪ್ಪುಬಿಳುಪಿನ ಅಲೆಗಳಾಯಿತು. ಇಂದಿಗೂ ಕಲ್ಲುಹಾಸುವವನು ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತು, ಎಡಗೈಯಲ್ಲಿ ಕಲ್ಲು, ಬಲಗೈಯಲ್ಲಿ ಸಣ್ಣ ಸುತ್ತಿಗೆ ಹಿಡಿದು, ಕಣ್ಣಂದಾಜಿನಲ್ಲಿ ಒಡೆದು ಕೂಡಿಸುತ್ತಾನೆ. ಬಾಯ್ಷಾದ ಒಂದು ಬೀದಿಯಲ್ಲಿ ಅಂಥವನೊಬ್ಬನ ಎದುರು ಒಂದು ಗಂಟೆ ನಿಂತೆನು. ಗಡಿಯಲ್ಲಿ ಮರಳಿ ದೊರೆತ ಗಂಟೆಯನ್ನು ಅಲ್ಲಿಯೇ ವ್ಯಯಿಸಿದೆನೆನ್ನಬಹುದು. ಒಂದು ಕಲ್ಲಿಗೆ ಮೂರು ಪೆಟ್ಟು, ನಾಲ್ಕನೆಯದು ಅಪರೂಪ. ಕಲಿಯುವವರು ಕಡಿಮೆಯಾದರೆಂದು ನಗರಸಭೆಯು 1986ರಲ್ಲಿ ಇದಕ್ಕಾಗಿಯೇ ಒಂದು ಶಾಲೆಯನ್ನು ತೆರೆಯಬೇಕಾಯಿತು. ನಡೆವ ಕಾಲಿಗಾಗಿ, ಕೈಯಿಂದ ಮಾಡಿದ ನೆಲ ಅದು.

ಸೂಟ್‌ಕೇಸಿನ ಗಾಲಿ ಹುಟ್ಟಿದುದು ಬೇರೆ ನೆಲಕ್ಕಾಗಿ. ಅಮೆರಿಕದ ಬರ್ನಾರ್ಡ್ ಸ್ಯಾಡೋ ಎಂಬಾತನಿಗೆ ಅದು ತೋಚಿದುದು ವಿಮಾನ ನಿಲ್ದಾಣದಲ್ಲಿ. 1972ರಲ್ಲಿ ಅದರ ಪೇಟೆಂಟು ದೊರೆಯಿತು. ಕನ್ನಡಿಯಂಥ ಆ ನೆಲದ ಮೇಲೆ ಅದು ಉರುಳಲಿ, ನನ್ನ ಅಡ್ಡಿಯಿಲ್ಲ; ಸೊಂಟ ಕೆಟ್ಟವರು, ವಯಸ್ಸಾದವರು ಎಲ್ಲಿ ಎಳೆದರೂ ತಪ್ಪಲ್ಲ. ಆದರೆ ನಾನು ಮರುದಿನ ಕಿಟಕಿಯಿಂದ ಬಗ್ಗಿ ನೋಡಿದವರು ಇಪ್ಪತ್ತೈದರ ಪ್ರಾಯದ ಗಟ್ಟಿಮುಟ್ಟಾದ ತರುಣರು. ನಾಲ್ವರಲ್ಲಿ ಒಬ್ಬನಾದರೂ ಬಾಗಿ ಹಿಡಿಯನ್ನೆತ್ತಲಿಲ್ಲ. ಮಲಗಿದ್ದ ಮನೆಗಳ ನಡುವೆ, ಮೂರಡಿ ಅಗಲದ ಓಣಿಯಲ್ಲಿ, ಮೆಟ್ಟಿಲಿಂದ ಮೆಟ್ಟಿಲಿಗೆ ಪೆಟ್ಟಿಗೆಯನ್ನು ಕುಕ್ಕುತ್ತ ನಗುತ್ತ ಇಳಿದುಹೋದರು. ಅವರ ಮಟ್ಟಿಗೆ ಆ ಓಣಿ ಜನ ಬಾಳುವ ಊರಲ್ಲ, ವಿಮಾನ ನಿಲ್ದಾಣದ ಒಂದು ಹೊರಾಂಗಣ. ನಾನೂ ಅಲ್ಲಿ ಅತಿಥಿಯೇ. ಮನೆಗಳೆಲ್ಲ ಪ್ರವಾಸಿಗಳ ಬಿಡಾರಗಳಾಗಿ ಮೂಲದವರು ಊರಾಚೆಗೆ ಹೋಗುತ್ತಿರುವರೆಂದು 2018ರಲ್ಲಿ ನಗರಸಭೆಯು ಆಲ್ಫಾಮಾದಲ್ಲಿ ಹೊಸ ಬಿಡಾರಗಳಿಗೆ ಅನುಮತಿಯನ್ನು ತಡೆಹಿಡಿಯಿತು. ಉಳಿದಿರುವ ಕೆಲವರ ನಿದ್ದೆಯನ್ನಾದರೂ ಉಳಿಸುವುದು ನಮ್ಮ ಕೈಯಲ್ಲಿದೆ.

ನನ್ನ ವಿಮಾನವೂ ಬೆಳಗಿನದೇ. ಮೂರನೆಯ ದಿನ ನಾಲ್ಕೂವರೆಗೆ ಎದ್ದು, ಚಾವಿಯನ್ನು ಬಾಲ್ದಿಯ ಪಕ್ಕದ ಗೂಟಕ್ಕೆ ತೂಗುಹಾಕಿ, ಎಂಟು ಕಿಲೋದ ಚೀಲವನ್ನು ಸೊಂಟಕ್ಕೆ ಬಿಗಿದು ಕೆಳಗಿಳಿದೆನು. ಇಬ್ಬನಿಗೆ ಒದ್ದೆಯಾದ ಸುಣ್ಣಕಲ್ಲು ಜಾರುತ್ತಿತ್ತು; ಗೋಡೆ ಹಿಡಿದು, ಒಂದೊಂದೇ ಹೆಜ್ಜೆಯಿಟ್ಟು ನದಿಯವರೆಗೆ ನಡೆದೆನು. ಯಾವ ಕಿಟಕಿಯೂ ತೆರೆಯಲಿಲ್ಲ. ಲಿಸ್ಬನ್ನಿಗೆ ಹೋಗುವ ಕನ್ನಡಿಗರು ಈಗ ಬಹಳ ಮಂದಿ ಇದ್ದಾರೆ. ಅವರಲ್ಲಿ ನನ್ನದೊಂದು ವಿನಂತಿ. ಆಲ್ಫಾಮಾದ ಮೆಟ್ಟಿಲಿಗೆ ಬಂದಾಗ ಪೆಟ್ಟಿಗೆಯನ್ನು ಎತ್ತಿಕೊಳ್ಳಿ. ಎತ್ತಲಾರದಷ್ಟು ಭಾರವಿದ್ದರೆ, ಹೊರಡುವ ಮೊದಲೇ ಒಮ್ಮೆ ಚಾಮುಂಡಿ ಬೆಟ್ಟಕ್ಕೆ ಹೋಗಿಬನ್ನಿ.