ಉಳಿಯದ ಬಸ್ ಚಾರ್ಜು

1996ರಲ್ಲಿ ಹಗರಿಬೊಮ್ಮನಹಳ್ಳಿಯ ನಮ್ಮ ಮನೆಗೆ ದೂರವಾಣಿ ಬಂದಾಗ ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವನು ನಾನು. ಬೆಂಗಳೂರಿನಿಂದ ಊರಿಗೆ ಸುಮಾರು 300 ಕಿಲೋಮೀಟರು. ತುಮಕೂರು, ಚಿತ್ರದುರ್ಗ, ಕೂಡ್ಲಿಗಿಗಳನ್ನು ದಾಟಿ ಇಳಿಯುವ ಹೊತ್ತಿಗೆ ಮೈಯೆಲ್ಲ ಹಣ್ಣಾಗಿರುತ್ತಿತ್ತು. ಇನ್ನು ಯೋಗಕ್ಷೇಮ ವಿಚಾರಿಸಲು ಬಸ್ಸೇರಬೇಕಾಗಿಲ್ಲ, ಇಷ್ಟು ಹಣ ಉಳಿಯಿತು ಎಂದು ಮನೆಯಾಕೆಗೆ ಒಂದು ಹಾಳೆಯಲ್ಲಿ ಲೆಕ್ಕ ಬರೆದು ತೋರಿಸಿದೆ. ಆಕೆ ಸುಮ್ಮನೆ ನಕ್ಕಳು.

ಅದುವರೆಗೆ ನಾನು ಊರಿಗೆ ಹೋಗುತ್ತಿದ್ದುದು ವರ್ಷಕ್ಕೆ ಎರಡೇ ಸಲ. ಮಾಘದಲ್ಲಿ ಕೊಟ್ಟೂರೇಶ್ವರನ ತೇರಿಗೊಮ್ಮೆ, ಬೇಸಗೆಯ ರಜೆಯಲ್ಲೊಮ್ಮೆ. ಮೂರನೆಯ ಸಲ ಹೋಗಬೇಕಾದರೆ ತಂತಿಯೇ ಬರಬೇಕಾಗಿತ್ತು. (2013ರ ಜುಲೈಯಲ್ಲಿ ಆ ತಂತಿಯೂ ನಿಂತುಹೋಯಿತು. ಅದನ್ನು ಒಡೆಯುವಾಗ ಕೈ ನಡುಗುತ್ತಿದ್ದುದನ್ನು ಹಿರಿಯ ವಾಚಕರು ಮರೆತಿರಲಾರರು.) ಕಾಗದದಲ್ಲಾದರೋ ಅವ್ವ ಬರೆಯಿಸುತ್ತಿದ್ದುದು ಒಂದೇ ಮಾತು: ಇತ್ತ ಎಲ್ಲರೂ ಕ್ಷೇಮ. ಕಾಗದ ಕೆಮ್ಮುವುದಿಲ್ಲವಷ್ಟೆ.

ಮೊದಲ ವರ್ಷ ನನ್ನ ಲೆಕ್ಕವೇ ಗೆದ್ದಿತು. ಆಗ ರಾತ್ರಿ 11ರ ಮೇಲೆ ಎಸ್‌.ಟಿ.ಡಿ. ದರ ಕಾಲುಭಾಗಕ್ಕೆ ಇಳಿಯುತ್ತಿತ್ತು. ವಾರಕ್ಕೊಮ್ಮೆ ಆ ಹೊತ್ತಿಗೆ ಮಾತನಾಡುತ್ತಿದ್ದೆ. ಮಾತನಾಡಿದ್ದೇನಲ್ಲ ಎಂಬ ಸಮಾಧಾನದಿಂದ ತೇರಿಗೂ ಹೋಗಲಿಲ್ಲ.

ಒಂದು ರಾತ್ರಿ ಮಾತಿನ ನಡುವೆ ಕೆಮ್ಮು ಕೇಳಿಸಿತು. "ಏನಿಲ್ಲಪ್ಪ, ಧೂಳು," ಎಂದಳು ಅವ್ವ. ಧೂಳಿನ ಕೆಮ್ಮು ಅದಾಗಿರಲಿಲ್ಲ. ಮರುದಿನವೇ ಬಸ್ಸೇರಿದೆ. ಅವ್ವ ಅರ್ಧಕ್ಕರ್ಧ ಇಳಿದುಹೋಗಿದ್ದಳು. ನೆರೆಮನೆಯ ಅತ್ತೆ ನನ್ನನ್ನು ಅಂಗಳಕ್ಕೆ ಕರೆದು, "ಎಂಟಕ್ಕ ಮಲಗಾಕಿ, ನಿನ್ನ ಫೋನಿಗಂತ ಹನ್ನೊಂದರ ತನ ನೆಲದ ಮ್ಯಾಲೆ ಕುಂತಿರ್ತಾಳಪ್ಪ" ಎಂದರು. ನಾಲ್ಕು ಕಾಸಿನ ಉಳಿತಾಯಕ್ಕೆ ತೆತ್ತವರು ಯಾರೆಂಬುದು ಆಗ ತಿಳಿಯಿತು. ಅಂದಿನಿಂದ ಸಂಜೆ ಏಳಕ್ಕೇ ಕರೆಯತೊಡಗಿದೆ. ದರ ಎಷ್ಟಾದರೂ ಆಗಲಿ.

1876ರ ಮಾರ್ಚ್ 10ರಂದು ಗ್ರಹಾಂ ಬೆಲ್ ದೂರವಾಣಿಯಲ್ಲಿ ಆಡಿದ ಮೊದಲ ಮಾತೇ ಪಕ್ಕದ ಕೋಣೆಯಲ್ಲಿದ್ದ ಸಹಾಯಕ ವಾಟ್ಸನನನ್ನು 'ಇಲ್ಲಿಗೆ ಬಾ' ಎಂದು ಕರೆದದ್ದಂತೆ. ಬರಿದೆ ಕೇಳಿಬರುವ ಪ್ರಯಾಣಗಳನ್ನು ಈ ಯಂತ್ರ ತಪ್ಪಿಸಿದ್ದುಂಟು. ಪೇಟೆಯ ಧಾರಣೆ ತಿಳಿಯಲೆಂದೇ ಹೊಸಪೇಟೆಗೆ ಹೋಗಬೇಕಾಗಿಲ್ಲ. ಆದರೆ ಧಾರಣೆ ಏರಿತೆಂದು ತಿಳಿದೊಡನೆ ಗಾಡಿ ಕಟ್ಟದವರಾರು? ಸಂಪರ್ಕ ಹೆಚ್ಚಿದರೆ ಸಂಚಾರ ಇಳಿಯುವುದೆಂದು ಎಣಿಸಿದ್ದ ತಜ್ಞರಲ್ಲಿಯೂ ಹಲವರು, ಅವೆರಡೂ ಕೂಡಿಯೇ ಬೆಳೆಯುತ್ತವೆಂದು ಒಪ್ಪಿದ್ದಾರೆ.

ಆ ವರ್ಷ ಆರು ಸಲ ಊರಿಗೆ ಹೋಗಿಬಂದೆ. ಬಸ್ಸಿನ ಚೀಟಿಗಳನ್ನೆಲ್ಲ ಮನೆಯಾಕೆ ನನ್ನ ಆ ಲೆಕ್ಕದ ಹಾಳೆಯಲ್ಲಿಯೇ ಮಡಿಸಿಟ್ಟಿದ್ದಳು.