ಗೆದ್ದರೆ ಇನ್ನೂ ದೂರ

ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಸಮಾಜ ಪಾಠದಲ್ಲಿ ಮಕ್ಕಳಿಂದ ಎಷ್ಟು ಸಲ ಬಾಯಿಪಾಠ ಮಾಡಿಸಿದ್ದೇನೋ ಲೆಕ್ಕವಿಲ್ಲ. ಈ ಮೆಟ್ಟಿಲುಗಳು ಎಷ್ಟು ಕಡಿದು ಎಂದು ತಿಳಿದದ್ದು ಮಾತ್ರ ಹುಡುಗಿಯರ ಖೋ-ಖೋ ತಂಡದ ಹಿಂದೆ ಹೊರಟ ಮೇಲೆ. ಹೆಣ್ಣುಮಕ್ಕಳ ತಂಡಕ್ಕೆ ಜೊತೆಗೊಬ್ಬ ಶಿಕ್ಷಕಿ ಇರಬೇಕಲ್ಲ. ಡ್ರಿಲ್ ಮೇಷ್ಟ್ರು ಗಂಡಸಾಗಿರುವ ನಮ್ಮಂಥ ಶಾಲೆಯಲ್ಲಿ ಆ ಕೆಲಸ ನನ್ನ ಪಾಲಿಗೆ ಬಂತು.

ಶಾಲಾ ಕ್ರೀಡೆಯಲ್ಲಿ ಮೊದಲು ವಿಂಗಡಿಸುವುದು ವಯಸ್ಸನ್ನು. 14ರ ಒಳಗಿನವರು, 17ರ ಒಳಗಿನವರು, 19ರ ಒಳಗಿನವರು; ಹುಡುಗರು ಬೇರೆ, ಹುಡುಗಿಯರು ಬೇರೆ. ಹೈಸ್ಕೂಲಿನವರದು 17ರ ವರ್ಗ. ಅಂಕಣಕ್ಕೆ ಇಳಿಯುವ ಮುನ್ನ ದಾಖಲಾತಿ ಪುಸ್ತಕದ ಹುಟ್ಟಿದ ತಾರೀಖು ಗೆಲ್ಲಬೇಕು. ನಮ್ಮ ಹಳ್ಳಿಗಳಲ್ಲಿ ಜೂನ್ 1ರಂದೇ ಹುಟ್ಟಿದ ಮಕ್ಕಳು ಎಷ್ಟು ಜನ ಎಂಬುದು ನಿಮಗೆ ಗೊತ್ತೇ ಇದೆ!

ಆಮೇಲೆ ಚೀಟಿ ಎತ್ತುವುದು. ಹದಿಮೂರು ತಂಡಗಳಿದ್ದರೆ ನಾಕೌಟಿನಲ್ಲಿ ಹನ್ನೆರಡು ಆಟ. ಒಂದೊಂದು ಆಟಕ್ಕೆ ಒಂದೊಂದು ತಂಡ ಮನೆಗೆ. ಹದಿನಾರಕ್ಕೆ ಮೂರು ಕಡಿಮೆ ಇರುವುದರಿಂದ ಮೂರು ತಂಡಗಳಿಗೆ ‘ಬೈ’. ಇದು ಬೈಗುಳವಲ್ಲ, ಭಾಗ್ಯ. ಆಡದೆಯೇ ಎರಡನೇ ಸುತ್ತು. ಉಳಿದ ಹತ್ತರಲ್ಲಿ ಐದು ತಂಡಗಳು ಮಧ್ಯಾಹ್ನದೊಳಗೆ ಸೋತು, ಬುತ್ತಿ ಬಿಚ್ಚಿ, ಮರದ ಕೆಳಗೆ ಕೂತು ಬೇರೆಯವರ ಆಟ ನೋಡುತ್ತವೆ. ಜೂನ್‌ನಿಂದ ಬೆಳಗಿನ ಚಳಿಯಲ್ಲಿ ಓಡಿದ್ದಕ್ಕೆ ಸಿಕ್ಕಿದ್ದು ಒಂದೇ ಆಟ.

ಗುಂಪು ಆಟಗಳಲ್ಲಿ ಗೆದ್ದ ಶಾಲೆಯ ತಂಡ ಮೇಲಿನ ಮಟ್ಟಕ್ಕೆ ಹೋಗುತ್ತದೆ. ಜಿಲ್ಲೆ ಗೆದ್ದರೆ ವಿಭಾಗ. ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ಎಂದು ನಾಲ್ಕು. ಅದರ ಮೇಲೆ ರಾಜ್ಯ. ಅಲ್ಲಿ ಆಟಗಾರ್ತಿಯರನ್ನು ಆರಿಸಿ ಕರ್ನಾಟಕದ ತಂಡ ಕಟ್ಟುತ್ತಾರೆ; ಅದು 1954ರಲ್ಲಿ ಹುಟ್ಟಿದ ಭಾರತೀಯ ಶಾಲಾ ಕ್ರೀಡಾ ಒಕ್ಕೂಟದ ರಾಷ್ಟ್ರೀಯ ಕೂಟಕ್ಕೆ ಹೋಗುತ್ತದೆ.

2016ರಲ್ಲಿ ನಮ್ಮ ಹುಡುಗಿಯರು ತಾಲ್ಲೂಕು ಗೆದ್ದರು. ಕಂಬದ ಬಳಿ ಹಾರಿ ಮುಟ್ಟುವುದರಲ್ಲಿ ಒಂಬತ್ತನೇ ತರಗತಿಯ ಒಬ್ಬಳಿಗೆ ಸಮಾನರಿರಲಿಲ್ಲ. ಜಿಲ್ಲಾ ಮಟ್ಟಕ್ಕೆ ಒಂದು ರಾತ್ರಿ ಹೊರಗೆ ತಂಗಬೇಕು. ಅವಳ ಅಪ್ಪ ಬೇಡವೆಂದ. ನಾನೇ ಮನೆಗೆ ಹೋದೆ. ಅವಳ ತಾಯಿ ಕಾಫಿ ಲೋಟ ಕೈಗಿಟ್ಟು ಕೇಳಿದಳು: “ಗೆದ್ರೆ ಇನ್ನೂ ದೂರ ಹೋಗ್ಬೇಕಲ್ವಾ ಟೀಚರಮ್ಮ?”

ನಾವೆಲ್ಲ ಮೇಲೆ ಎನ್ನುವುದನ್ನು ಆಕೆ ದೂರ ಎಂದಳು. ಸುಳ್ಳಲ್ಲ. “ಹೌದಮ್ಮ, ದೂರವೇ. ನಾನು ಅವಳ ಪಕ್ಕದಲ್ಲೇ ಮಲಗ್ತೀನಿ” ಎಂದೆ. ಆಕೆ ಒಳಗೆ ಹೋಗಿ ಗಂಡನೊಡನೆ ಏನು ಮಾತಾಡಿದಳೋ, ಹುಡುಗಿ ಬಸ್ಸು ಹತ್ತಿದಳು.

ಜಿಲ್ಲೆಯಲ್ಲಿ ಎರಡನೇ ಆಟಕ್ಕೇ ಸೋತೆವು, ಒಂದು ಅಂಕದಿಂದ. ಮರುವರ್ಷ ಅವಳದು ಹತ್ತನೇ ತರಗತಿ. “ಈ ವರ್ಷ ಓದ್ಲಿ” ಎಂದ ಅಪ್ಪ. ಅವಳ ಖೋ-ಖೋ ಅಲ್ಲಿಗೆ ಮುಗಿಯಿತು.

ಅಂದಿನಿಂದ ನನಗೆ ಗೆದ್ದವರ ಚಿಂತೆಗಿಂತ ಮರದ ಕೆಳಗಿನವರ ಚಿಂತೆ ಹೆಚ್ಚು. ಹದಿಮೂರು ತಂಡಗಳಿಗೂ ಪೂರ್ತಿ ಲೀಗ್ ಆಡಿಸಿದರೆ 78 ಆಟ, ಆಗದ ಮಾತು. ಆದರೆ ಮೂರು ತಂಡಗಳ ಮೂರು ಗುಂಪು, ನಾಲ್ಕು ತಂಡಗಳ ಒಂದು ಗುಂಪು ಮಾಡಿ ನೋಡಿ: ಗುಂಪಿನೊಳಗೆ 15 ಆಟ, ಸೆಮಿಫೈನಲ್ ಎರಡು, ಫೈನಲ್ ಒಂದು, ಒಟ್ಟು 18. ಈಗಿನದಕ್ಕಿಂತ ಆರೇ ಹೆಚ್ಚು. ಪ್ರತಿ ಹುಡುಗಿಯ ತಂಡಕ್ಕೂ ಕಡೇಪಕ್ಷ ಎರಡು ಆಟ ಸಿಗುತ್ತದೆ. ಮೊದಲನೆಯದರಲ್ಲಿ ಎಡವಿದವಳು ಎರಡನೆಯದರಲ್ಲಿ ಏಳಬಹುದು.

ತಾಲ್ಲೂಕಿನ ಪೂರ್ವಭಾವಿ ಸಭೆಯಲ್ಲಿ ಇದನ್ನು ಹೇಳಿದೆ. “ಮೈದಾನ ಸಿಗೋದೇ ಎರಡು ದಿನ ಮೇಡಂ” ಎಂದರು. ಎರಡು ಅಂಕಣ ಹಾಕಿದರೆ ಆರು ಆಟಕ್ಕೆ ಅರ್ಧ ದಿನ ಸಾಕು ಎಂದು ಬಿಳಿ ಹಾಳೆಯಲ್ಲಿ ಬರೆದು ಕೊಟ್ಟಿದ್ದೇನೆ. ಮುಂದಿನ ಸಭೆಗೂ ಒಂದು ಹಾಳೆ ಒಯ್ಯುತ್ತೇನೆ.