ಮರಳಿ ತೆರೆದು ನೋಡಿದ ಮೇಲೆ



ಸಂಘದ ಕಡತಗಳಿರುವ ಲ್ಯಾಪ್‌ಟಾಪಿನ ಕಾರ್ಯಾಚರಣ ವ್ಯವಸ್ಥೆಯನ್ನು ಈ ಬೇಸಿಗೆಯಲ್ಲಿ ಹೊಸ ಆವೃತ್ತಿಗೆ ಏರಿಸಿದೆವು. ಪತ್ರಿಕೆಯಲ್ಲಿ ಬರೆಯುವಷ್ಟು ದೊಡ್ಡ ಸಂಗತಿಯೇ ಇದು ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಆ ಯಂತ್ರದಲ್ಲಿರುವುದು ನಿಮ್ಮ ವಿವರಗಳೇ. ಊರಿನಿಂದ ಬರುವ ತಂದೆತಾಯಿಯರ ಔಷಧಗಳ ಪಟ್ಟಿ, ಅವರ ಪ್ರವಾಸ ವಿಮೆಯ ಸಂಖ್ಯೆ, ಕನ್ನಡ ಶಾಲೆಯ ಮಕ್ಕಳ ಹೆಸರು ವಿಳಾಸ, ಜೊತೆಗೆ ಹಿರಿಯರು ಹಾಡಿದ ಪದಗಳ ಧ್ವನಿಮುದ್ರಣ. ಅವುಗಳನ್ನು ಹೇಗೆ ಕಾಪಾಡಿದೆವು ಎಂಬುದನ್ನು ತಿಳಿಸುವುದು ನಮ್ಮ ಕರ್ತವ್ಯ.

ಮೊದಲಿಗೆ ಔಷಧಗಳ ಪಟ್ಟಿ. ಜರ್ಮನಿಯ ಔಷಧಾಲಯಗಳಲ್ಲಿ ಭಾರತದ ಬ್ರಾಂಡ್ ಹೆಸರು ಹೇಳಿದರೆ ಬಹುಮಟ್ಟಿಗೆ ಪ್ರಯೋಜನವಾಗದು. ಮೂಲ ಔಷಧದ ಹೆಸರೂ ಪ್ರಮಾಣವೂ ಬೇಕು. ಆದ್ದರಿಂದ ಸ್ವಯಂಸೇವಕ ವೈದ್ಯರಾದ ನಾವು ಹಿರಿಯರ ಮಾತ್ರೆಗಳನ್ನು ಮೂಲ ಹೆಸರಿನಲ್ಲಿ ಬರೆದಿಡುತ್ತೇವೆ. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಸೇವಿಸುವ ಹಿರಿಯರೊಬ್ಬರು ಭಾನುವಾರ ರಾತ್ರಿ ಮೆಟ್ಟಿಲಿನಲ್ಲಿ ಜಾರಿ ಬಿದ್ದರೆ, ತುರ್ತು ಚಿಕಿತ್ಸೆಯವರಿಗೆ ಮೊದಲು ಬೇಕಾಗುವುದು ಆ ಒಂದು ಸಾಲು. ಅದು ಕಳೆದುಹೋಗಬಾರದು, ಹೊರಗೂ ಬೀಳಬಾರದು. ಐರೋಪ್ಯ ಒಕ್ಕೂಟದಲ್ಲಿ 2018ರ ಮೇ 25ರಿಂದ ಅನ್ವಯವಾಗುತ್ತಿರುವ ದತ್ತಾಂಶ ಸಂರಕ್ಷಣಾ ನಿಯಮದ 9ನೆಯ ವಿಧಿ ಆರೋಗ್ಯದ ವಿವರಗಳನ್ನು ವಿಶೇಷ ವರ್ಗವೆಂದು ಪರಿಗಣಿಸುತ್ತದೆ. ಅದರ 32ನೆಯ ವಿಧಿಯು ಗೌಪ್ಯತೆಯ ಜೊತೆಯಲ್ಲಿಯೇ, ಅವಘಡವಾದಾಗ ವಿವರಗಳನ್ನು ಸಕಾಲದಲ್ಲಿ ಮರಳಿ ದೊರಕಿಸುವ ಸಾಮರ್ಥ್ಯವನ್ನೂ ಹೆಸರಿಸಿದೆ.

ಈ ಕಾರಣಕ್ಕಾಗಿ ನಾವು ಬಳಸುತ್ತಿರುವುದು ಕ್ಯೂಬ್ಸ್ ಎಂಬ ವ್ಯವಸ್ಥೆ. ಯೋಆನ್ನಾ ರುಟ್ಕೋವ್ಸ್ಕಾ ಮತ್ತು ಸಂಗಡಿಗರು 2010ರಲ್ಲಿ ಇದನ್ನು ಲೋಕದ ಮುಂದಿಟ್ಟರು. ಒಂದೇ ಲ್ಯಾಪ್‌ಟಾಪಿನೊಳಗೆ ಹಲವು ವರ್ಚುವಲ್ ಯಂತ್ರಗಳನ್ನು ಪ್ರತ್ಯೇಕವಾಗಿ ನಡೆಸುವುದು ಇದರ ಕ್ರಮ. ಅಂಥ ಒಂದೊಂದಕ್ಕೂ ಕ್ಯೂಬ್ ಎಂದು ಹೆಸರು. ಮಿಂಚಂಚೆ ಒಂದು ಕ್ಯೂಬಿನಲ್ಲಿ, ಲೆಕ್ಕಪತ್ರ ಇನ್ನೊಂದರಲ್ಲಿ, ಔಷಧಗಳ ಪಟ್ಟಿ ಅಂತರ್ಜಾಲದ ಸಂಪರ್ಕವೇ ಇಲ್ಲದ ಮತ್ತೊಂದರಲ್ಲಿ. ಸೋಂಕಿನ ರೋಗಿಯನ್ನು ಬೇರೆ ಕೋಣೆಯಲ್ಲಿರಿಸುವ ಆಸ್ಪತ್ರೆಯ ಪದ್ಧತಿಯನ್ನು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಅಪರಿಚಿತರು ಕಳುಹಿಸಿದ ಕಡತವನ್ನು ತೆರೆಯಲು ಬಳಸಿ ಬಿಸಾಡುವ ಕ್ಯೂಬ್ ಕೂಡ ಉಂಟು. ಅದು ನಮ್ಮ ಕೈಗವಸಿನಂತೆ.

ಈ ವ್ಯವಸ್ಥೆಯ 4.1ನೆಯ ಆವೃತ್ತಿಗೆ ಬೆಂಬಲವು 2024ರ ಜೂನ್‌ನಲ್ಲಿ ಕೊನೆಗೊಂಡಿತು. 4.2ಕ್ಕೆ ಹೋಗಲು ಎರಡು ದಾರಿಗಳಿದ್ದವು: ಇದ್ದಲ್ಲಿಯೇ ಮೇಲೇರಿಸುವುದು, ಇಲ್ಲವೆ ಹೊಸದಾಗಿ ಸ್ಥಾಪಿಸಿ ಬ್ಯಾಕಪ್‌ನಿಂದ ಎಲ್ಲವನ್ನೂ ಮರಳಿ ತರುವುದು. ಹಳೆಯ ಡಿಸ್ಕ್ ಆಗಾಗ ದೋಷ ತೋರಿಸುತ್ತಿದ್ದುದರಿಂದ ಅದನ್ನು ಬದಲಿಸಿ, ಎರಡನೆಯ ದಾರಿಯನ್ನೇ ಹಿಡಿದೆವು. ಅಂದರೆ ಅಲ್ಲಿಂದ ಮುಂದೆ ಎಲ್ಲವೂ ಆ ಬ್ಯಾಕಪ್ಪನ್ನೇ ನಂಬಿಕೊಂಡಿತ್ತು.

ಬ್ಯಾಕಪ್ ತೆಗೆಯುವ ಮೊದಲು ಎಲ್ಲ ಕ್ಯೂಬ್‌ಗಳನ್ನೂ ನಿಲ್ಲಿಸಿದೆವು. ನಡೆಯುತ್ತಿರುವ ಕ್ಯೂಬನ್ನು ಹಾಗೆಯೇ ನಕಲಿಸಿದರೆ, ಅದು ಆರಂಭವಾಗುವ ಮುನ್ನ ಇದ್ದ ಸ್ಥಿತಿ ಮಾತ್ರ ನಕಲಾಗುತ್ತದೆ. ಬೆಳಗಿನಿಂದ ಬರೆದದ್ದು ಅದರಲ್ಲಿ ಇರುವುದಿಲ್ಲ. ಬಳಿಕ, ಮರಳಿ ಸ್ಥಾಪಿಸದೆ ಬ್ಯಾಕಪ್ಪನ್ನು ಪರೀಕ್ಷಿಸಿ ಮಾತ್ರ ನೋಡುವ ಸೌಲಭ್ಯವನ್ನು ಬಳಸಿ ಅದನ್ನು ಕೊನೆಯವರೆಗೂ ಓದಿಸಿದೆವು. ರಕ್ತ ಕೊಡುವ ಮೊದಲು ಹೊಂದಾಣಿಕೆ ನೋಡುವುದಿಲ್ಲವೇ, ಹಾಗೆ. ಪರೀಕ್ಷೆ ಸರಿಬಂದ ಮೇಲೆಯೇ ಹಳೆಯ ಡಿಸ್ಕನ್ನು ಕಳಚಿದೆವು.

ಈ ಬ್ಯಾಕಪ್ ಸಂಕೇತೀಕರಿಸಿದ್ದು. ಗುಪ್ತಪದ ಮರೆತರೆ ಅದನ್ನು ರಚಿಸಿದವರೂ ತೆರೆದುಕೊಡಲಾರರು. ನಮ್ಮ ಗುಪ್ತಪದವು ಮೊಹರು ಮಾಡಿದ ಎರಡು ಲಕೋಟೆಗಳಲ್ಲಿ, ಬೇರೆ ಬೇರೆ ಎರಡು ಮನೆಗಳಲ್ಲಿದೆ. ಅಂದು ಒಂದು ಲಕೋಟೆಯನ್ನು ಒಡೆದು, ಒಬ್ಬರು ಓದಿ ಹೇಳುತ್ತ ಇನ್ನೊಬ್ಬರು ಟೈಪ್ ಮಾಡಿದರು. ಕ್ಯೂಬ್‌ಗಳ ಪಟ್ಟಿ ಪರದೆಯ ಮೇಲೆ ಮೂಡಿತು.

ಆಪರೇಷನ್ ಥಿಯೇಟರಿನಲ್ಲಿ ರಕ್ತ ಒರೆಸಿದ ಮಾಪ್‌ಗಳನ್ನು ಎಣಿಸದೆ ಹೊಟ್ಟೆ ಮುಚ್ಚುವುದಿಲ್ಲ. ಇಲ್ಲಿಯೂ ಮೊದಲೇ ಕಾಗದದ ಮೇಲೆ ಬರೆದಿಟ್ಟ 11 ಹೆಸರುಗಳನ್ನು ಒಂದೊಂದಾಗಿ ಗುರುತು ಹಾಕಿಕೊಂಡೆವು. ಹಳೆಯ ಟೆಂಪ್ಲೇಟ್‌ಗಳನ್ನು, ಅಂದರೆ ಕ್ಯೂಬ್‌ಗಳಿಗೆ ತಂತ್ರಾಂಶ ಒದಗಿಸುವ ಮೂಲ ಅಚ್ಚುಗಳನ್ನು, ಬೇಕೆಂದೇ ಮರಳಿ ತರಲಿಲ್ಲ. ಕ್ಯೂಬ್‌ಗಳನ್ನು ಹೊಸ ಟೆಂಪ್ಲೇಟ್‌ಗಳಿಗೆ ಜೋಡಿಸಿದೆವು. ಕಡತಗಳು ಬಂದವು, ಆದರೆ ಹಳೆಯ ಟೆಂಪ್ಲೇಟಿನಲ್ಲಿ ನಾವು ಹಾಕಿಕೊಂಡಿದ್ದ ಕನ್ನಡ ಕೀಲಿಮಣೆ ಬರಲಿಲ್ಲ. ಅದನ್ನು ಹೊಸದರಲ್ಲಿ ಮತ್ತೆ ಅಳವಡಿಸಬೇಕಾಯಿತು. ಔಷಧಗಳ ಪಟ್ಟಿಯ ಕ್ಯೂಬಿಗೆ ಅಂತರ್ಜಾಲದ ಸಂಪರ್ಕ ಈಗಲೂ ಇಲ್ಲವೆಂಬುದನ್ನು ಬೇರೆಯಾಗಿ ಖಚಿತಪಡಿಸಿಕೊಂಡೆವು.

ಆ ಸಂಜೆ ಸದಸ್ಯರೊಬ್ಬರ ಕರೆ ಬಂತು. ಸಕಲೇಶಪುರದ ಕಡೆಯ ಅವರ ತಾಯಿ ಇಲ್ಲಿಗೆ ಬಂದಿದ್ದಾಗ ಕನ್ನಡ ಶಾಲೆಯ ಮಕ್ಕಳಿಗಾಗಿ ಸೋಬಾನೆ ಪದ ಹಾಡಿದ್ದರು. ಮುದ್ರಿಸಿಕೊಂಡ ಫೋನು ಹಾಳಾಗಿತ್ತು. ತಾಯಿ ತೀರಿಕೊಂಡು ಆ ತಿಂಗಳಿಗೆ ವರ್ಷ.

"ಡಾಕ್ಟ್ರೇ, ಅಮ್ಮನ ಹಾಡು ಉಳಿದಿದೆಯಾ?" ಎಂದರು.

ಪಟ್ಟಿಯಲ್ಲಿ ಕಡತದ ಹೆಸರು ಕಾಣುತ್ತಿತ್ತು. ಹೆಸರು ಕಂಡ ಮಾತ್ರಕ್ಕೆ ಹಾಡು ಇದೆಯೆಂದು ಹೇಳುವಂತಿರಲಿಲ್ಲ. "ತೆರೆದು ನೋಡಿ ಹೇಳ್ತೀವಿ, ಸ್ವಲ್ಪ ತಡೀರಿ" ಎಂದು ಕಡತವನ್ನು ಮೊದಲಿನಿಂದ ಕೊನೆಯವರೆಗೂ ಕೇಳಿದೆವು. ನಡುವೆ ಒಮ್ಮೆ ಅಜ್ಜಿ ಹಾಡು ನಿಲ್ಲಿಸಿ, "ಇದು ಇನ್ನೂ ಓಡ್ತಾ ಇದೆಯೇನೇ?" ಎಂದು ಮೊಮ್ಮಗಳನ್ನು ಕೇಳುತ್ತಾರೆ. ಹುಡುಗಿ ನಗುತ್ತಾಳೆ. ಹಾಡು ಮತ್ತೆ ಸಾಗುತ್ತದೆ. ಮರುದಿನ ಪ್ರತಿಯನ್ನು ಅವರ ಮನೆಗೆ ತಲುಪಿಸಿದೆವು. ವರ್ಷದ ತಿಥಿಯಂದು ಊಟಕ್ಕೆ ಮುನ್ನ ಅದನ್ನು ಹಾಕಿದರಂತೆ. ನಡುವಿನ ಆ ಮಾತನ್ನು ಕತ್ತರಿಸುವುದು ಬೇಡವೆಂದು ಮೊಮ್ಮಗಳೇ ಹೇಳಿದಳಂತೆ.

ನಿಮ್ಮ ಮನೆಯ ಫೋನು, ಲ್ಯಾಪ್‌ಟಾಪುಗಳಲ್ಲಿ ಇಂಥ ವ್ಯವಸ್ಥೆ ಇರಬೇಕೆಂದೇನೂ ಇಲ್ಲ. ಆದರೆ ನಕಲು ತೆಗೆದಿಟ್ಟವರು ಈ ವಾರಾಂತ್ಯದಲ್ಲಿ ಅದರಿಂದ ಒಂದು ಕಡತವನ್ನಾದರೂ ಬೇರೆ ಯಂತ್ರದಲ್ಲಿ ತೆರೆದು ನೋಡಿರಿ. ಗುಪ್ತಪದವು ಮನೆಯಲ್ಲಿ ಇಬ್ಬರಿಗಾದರೂ ಸಿಗುವಂತಿರಲಿ.

ಕೊನೆಯದಾಗಿ ಒಂದು ವಿನಂತಿ. ನಮ್ಮ ಎರಡನೆಯ ಲಕೋಟೆಯನ್ನು ಇಟ್ಟುಕೊಂಡಿರುವ ಕುಟುಂಬವು ಡಿಸೆಂಬರಿನಲ್ಲಿ ಬೆಂಗಳೂರಿಗೆ ಮರಳುತ್ತಿದೆ. ಆ ಹೊಣೆಯನ್ನು ಹೊರಲು ಇನ್ನೊಂದು ಮನೆ ಬೇಕಾಗಿದೆ. ಕಂಪ್ಯೂಟರಿನ ಜ್ಞಾನ ಬೇಕಿಲ್ಲ. ಬೀಗವಿರುವ ಒಂದು ಕಪಾಟು ಇದ್ದರೆ ಸಾಕು. ದೀಪಾವಳಿಯ ಕಾರ್ಯಕ್ರಮದ ದಿನ ನಮ್ಮನ್ನು ಕಂಡು ತಿಳಿಸಿರಿ.